ನೂರು ಡಿಗ್ರಿ, ಮೂರೂಕಾಲು ನಿಮಿಷ

ನಮ್ಮೂರಿನಲ್ಲಿ ಯಾರೂ ಫಿಲ್ಮ್ ಡೆವಲಪ್ ಮಾಡಿಸುವುದು ಎನ್ನುತ್ತಿರಲಿಲ್ಲ, ರೀಲು ತೊಳೆಸುವುದು ಎನ್ನುತ್ತಿದ್ದರು. ಶಿಡ್ಲಘಟ್ಟದ ಸ್ಟುಡಿಯೋದವರು ಮದುವೆ, ನಾಮಕರಣಗಳ ಬಣ್ಣದ ರೀಲುಗಳನ್ನು ಒಟ್ಟುಮಾಡಿ ಬೆಂಗಳೂರಿಗೆ ಕಳುಹಿಸಿ, ವಾರ ಕಳೆದ ಮೇಲೆ ನೆಗೆಟಿವ್ ಪಟ್ಟಿಗಳನ್ನೂ ಪ್ರಿಂಟುಗಳನ್ನೂ ಒಂದೇ ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ಕಪ್ಪು-ಬಿಳುಪಿನ ರೀಲನ್ನು ಅವರು ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ತಾವೇ ತೊಳೆಯುವುದನ್ನು ಕಂಡಿದ್ದ ನನಗೆ, ಬಣ್ಣದ್ದು ಮಾತ್ರ ದೊಡ್ಡ ಯಂತ್ರಗಳಿಂದಲೇ ಆಗಬೇಕಾದ ಕೆಲಸ ಎಂಬ ನಂಬಿಕೆ ಬಾಲ್ಯದಿಂದಲೇ ಬೇರೂರಿತ್ತು. ನಾನೇ ಕ್ಯಾಮೆರಾ ಹಿಡಿದು, ಕಪ್ಪು-ಬಿಳುಪನ್ನು ಬಚ್ಚಲುಮನೆಯಲ್ಲಿ ತೊಳೆಯಲು ಕಲಿತು ನಾಲ್ಕು ವರ್ಷವಾದರೂ ಆ ನಂಬಿಕೆ ಅಲುಗಿರಲಿಲ್ಲ.

ಅದು ಅಲುಗಿದ್ದು ಒಂದು ನಷ್ಟದಿಂದ. ನನ್ನ ತಾಯಿ ರೇಷ್ಮೆ ಹುಳು ಸಾಕುತ್ತಾರೆ. ಕಳೆದ ವರ್ಷದ ಒಂದು ಬೆಳೆಯಲ್ಲಿ, ನಾಲ್ಕನೇ ಜ್ವರ, ಅಂದರೆ ಹುಳು ಪೊರೆ ಕಳಚುವ ನಾಲ್ಕನೆಯ ಸರದಿ, ಕಳೆದು ಅದು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ದಿನಗಳನ್ನು ಒಂದು ರೀಲಿನ 36 ಚಿತ್ರಗಳಲ್ಲಿ ತೆಗೆದು ಕೊರಿಯರ್‌ನಲ್ಲಿ ದೂರದ ಒಂದು ಲ್ಯಾಬಿಗೆ ಕಳುಹಿಸಿದ್ದೆ. ಹಿಂತಿರುಗಿ ಬಂದ ಫಿಲ್ಮಿನ ಮೇಲೆ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಒಂದೇ ಗೆರೆ ಎಳೆದ ಹಾಗೆ ಗೀರು ಬಿದ್ದಿತ್ತು, ಅದು ನನ್ನ ತಾಯಿಯ ಮುಖದ ಮೇಲೂ ಹಾದುಹೋಗಿತ್ತು. ಅಷ್ಟು ದೂರ ಕಳುಹಿಸಿ ಕಾದು ಇದನ್ನು ಪಡೆಯುವುದಾದರೆ, ತಪ್ಪಾದರೂ ನನ್ನ ಕೈಯಲ್ಲೇ ಆಗಲಿ ಎಂದು ನಿಶ್ಚಯಿಸಿದೆ.

ಬಣ್ಣದ ನೆಗೆಟಿವ್ ತೊಳೆಯುವ ಕ್ರಮಕ್ಕೆ ಸಿ-41 ಎಂದು ಹೆಸರು. ಕೊಡಾಕ್ ಸಂಸ್ಥೆ ಇದನ್ನು 1972ರಲ್ಲಿ ತಂದಿತು, ಮುಂದೆ ಬೇರೆ ಕಂಪನಿಗಳ ಬಣ್ಣದ ನೆಗೆಟಿವ್ ಫಿಲ್ಮುಗಳೂ ಇದಕ್ಕೇ ಹೊಂದಿಕೊಂಡವು. ಆದ್ದರಿಂದ ಡಬ್ಬಿಯ ಮೇಲೆ ಸಿ-41 ಎಂದಿದ್ದರೆ ಸಾಕು, ಯಾವ ಕಂಪನಿಯದಾದರೂ, ಬೆಳಕಿಗೆ ಸ್ಪಂದಿಸುವ ವೇಗ 100ರದ್ದಾದರೂ 400ರದ್ದಾದರೂ, ಔಷಧ ಒಂದೇ, ಕಾಲ ಒಂದೇ, ಶಾಖ ಒಂದೇ. ಫಿಲ್ಮಿಗೊಂದು ಕಾಲ, ಚಿತ್ರ ಮೂಡಿಸುವ ಔಷಧವಾದ ಡೆವಲಪರಿಗೊಂದು ಕಾಲ ಎಂದು ಕೋಷ್ಟಕ ಹುಡುಕಬೇಕಾದ ಕಪ್ಪು-ಬಿಳುಪಿಗಿಂತ ಈ ಒಂದು ವಿಷಯದಲ್ಲಿ ಬಣ್ಣವೇ ಸರಳ. ಡೆವಲಪರ್ ಫ್ಯಾರನ್‌ಹೀಟ್ ಲೆಕ್ಕದಲ್ಲಿ 100 ಡಿಗ್ರಿ, ಅಂದರೆ 37.8 ಡಿಗ್ರಿ ಸೆಲ್ಸಿಯಸ್ ಇರಬೇಕು. ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಲ್ಯಾಬುಗಳಿಗೆ ವಿಧಿಸಿದ ನಿಯಮದಲ್ಲಿ ಶಾಖ ಕಾಲು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಮಾತ್ರ ಆಚೀಚೆ ಆಗಬಹುದು.

ಇಷ್ಟು ಬಿಗಿ ಏಕೆಂದು ತಿಳಿದುಕೊಳ್ಳದೆ ಕೈ ಹಾಕಬಾರದು ಎನ್ನಿಸಿ ಮೊದಲು ಅದನ್ನು ಓದಿಕೊಂಡೆ. ಬಣ್ಣದ ಫಿಲ್ಮಿನಲ್ಲಿ ಬೆಳಕಿಗೆ ಸ್ಪಂದಿಸುವ ಪದರಗಳು ಒಂದರ ಮೇಲೊಂದು ಇರುತ್ತವೆ. ಮೇಲಿನದು ನೀಲಿ ಬೆಳಕನ್ನು ಹಿಡಿಯುತ್ತದೆ, ನಡುವಿನದು ಹಸಿರನ್ನು, ತಳದ್ದು ಕೆಂಪನ್ನು. ಬೆಳಕು ಬಿದ್ದ ಕಡೆ ಡೆವಲಪರ್ ಬೆಳ್ಳಿಯ ಲವಣವನ್ನು ಬೆಳ್ಳಿಯಾಗಿಸುತ್ತದೆ, ಆ ಕೆಲಸದಲ್ಲಿ ತಾನೂ ಮಾರ್ಪಟ್ಟು ಅದೇ ಪದರದಲ್ಲಿ ಕಾದಿರುವ ಇನ್ನೊಂದು ರಾಸಾಯನಿಕದೊಡನೆ ಕೂಡಿ ಬಣ್ಣವಾಗುತ್ತದೆ. ಮೇಲಿನ ಪದರದಲ್ಲಿ ಹಳದಿ, ನಡುವಿನದರಲ್ಲಿ ನೇರಳೆಗೆಂಪಿನ ಮೆಜೆಂಟಾ, ತಳದಲ್ಲಿ ಹಸಿರುನೀಲಿಯ ಸಯಾನ್ ಹುಟ್ಟುವುದು ಹೀಗೆ. ಆಮೇಲೆ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆದುಬಿಡುತ್ತಾರೆ. ಕಪ್ಪು-ಬಿಳುಪಿನ ನೆಗೆಟಿವ್‌ನಲ್ಲಿ ನಾವು ನೋಡುವುದು ಬೆಳ್ಳಿಯನ್ನೇ, ಬಣ್ಣದ್ದರಲ್ಲಿ ಬೆಳ್ಳಿ ಹೋದ ಮೇಲೆ ಅದರ ಜಾಗದಲ್ಲಿ ಉಳಿದ ಬಣ್ಣವನ್ನು. ಡೆವಲಪರ್ ಮೇಲಿನ ಪದರವನ್ನು ಮೊದಲು ಮುಟ್ಟಿ ತಳಕ್ಕೆ ಆಮೇಲೆ ಇಳಿಯುವುದರಿಂದ, ಮೂರೂ ಪದರಗಳ ಕೆಲಸ ಸರಿಸಮನಾಗಿ ಮುಗಿಯುವಂತೆ ಫಿಲ್ಮನ್ನೂ ಔಷಧವನ್ನೂ ಆ ಒಂದು ಶಾಖಕ್ಕೆ, ಆ ಒಂದು ಕಾಲಕ್ಕೆ ಹೊಂದಿಸಿ ಮಾಡಿದ್ದಾರೆ. ಶಾಖ ತಪ್ಪಿದರೆ ಮೂರರ ಸಮತೋಲ ತಪ್ಪುತ್ತದೆ.

ನೆಗೆಟಿವ್‌ನ ಕಿತ್ತಳೆ ಬಣ್ಣದ ಬಗ್ಗೆಯೂ ನನಗೆ ಚಿಕ್ಕಂದಿನಿಂದ ಕುತೂಹಲವಿತ್ತು. ಮೆಜೆಂಟಾ ಮತ್ತು ಸಯಾನ್ ಬಣ್ಣಗಳು ಪೂರ್ತಿ ಶುದ್ಧವಲ್ಲ, ತಮಗೆ ಸಂಬಂಧಿಸದ ಬೆಳಕನ್ನೂ ಅಷ್ಟಿಷ್ಟು ಹೀರಿಕೊಳ್ಳುತ್ತವೆ. ಆ ಕೊರತೆಯನ್ನು ಸರಿದೂಗಿಸಲು ಫಿಲ್ಮಿನೊಳಗೇ ಇಟ್ಟಿರುವ ತಿದ್ದುಪಡಿ ಆ ಕಿತ್ತಳೆ.

ತರಿಸಿದ್ದು ಒಂದು ಲೀಟರಿನ ಪುಡಿ ಕಿಟ್. ಅದರಲ್ಲಿ ಡೆವಲಪರ್, ಬ್ಲಿಕ್ಸ್, ಕೊನೆಯಲ್ಲಿ ಹಾಕುವ ಸ್ಟೆಬಿಲೈಸರ್ ಎಂಬ ಮೂರು ಔಷಧಗಳಿವೆ. ಲ್ಯಾಬುಗಳಲ್ಲಿ ಬೆಳ್ಳಿಯನ್ನು ಮತ್ತೆ ಲವಣವಾಗಿಸುವ ಬ್ಲೀಚ್ ಬೇರೆ, ಆ ಲವಣವನ್ನು ಕರಗಿಸುವ ಫಿಕ್ಸರ್ ಬೇರೆ; ಮನೆಯವರ ಕಿಟ್‌ನಲ್ಲಿ ಎರಡನ್ನೂ ಕೂಡಿಸಿ ಬ್ಲಿಕ್ಸ್ ಮಾಡಿರುತ್ತಾರೆ. ನಮ್ಮ ಕಡೆ ಸಾವಿರ ಅಡಿಗೂ ಆಳದ ಬೋರ್‌ವೆಲ್ಲಿನ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವಷ್ಟು ಗಡಸು. ಅದನ್ನು ಔಷಧಕ್ಕೆ ಹಾಕಲು ಧೈರ್ಯ ಬರದೆ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತಂದುಕೊಂಡೆ. ಡೆವಲಪರಿನಲ್ಲಿರುವ ಮುಖ್ಯ ರಾಸಾಯನಿಕ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ತರಬಲ್ಲದ್ದು, ಆದ್ದರಿಂದ ಕೈಗವಸು ಬೇಕೇ ಬೇಕು. ಬ್ಲಿಕ್ಸ್ ಬೆರೆಸುವಾಗ ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ, ಕಿಟಕಿ ತೆರೆದಿರಬೇಕು. ಅಡಿಗೆಮನೆಯ ಒಂದು ಪಾತ್ರೆಯನ್ನೂ, ಒಂದು ಸೌಟನ್ನೂ ಇದಕ್ಕೆ ಬಳಸಲಿಲ್ಲ.

ಪುಡಿಯ ಪೊಟ್ಟಣಗಳನ್ನು ಕಂಡ ಕೂಡಲೇ ಅಮ್ಮ, “ಹುಳುಮನೆ ಕಡೆಗೆ ಇದನ್ನ ತರಬೇಡ ಕಣಪ್ಪ, ಕೈ ತೊಳ್ಕೊಳ್ದೆ ಸೊಪ್ಪು ಮುಟ್ಟಬೇಡ” ಎಂದರು. ಪಕ್ಕದ ಹೊಲದಲ್ಲಿ ಔಷಧಿ ಹೊಡೆದ ಗಾಳಿ ಹಿಪ್ಪುನೇರಳೆ ತೋಟಕ್ಕೆ ಬೀಸಿದರೂ ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಅವರ ಮಾತಿನಂತೆ, ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋಗಿ ಹುಳುಮನೆ ಖಾಲಿ ಇದ್ದ ವಾರವನ್ನೇ ಕಾದುಕೊಂಡು, ಮನೆಯ ಇನ್ನೊಂದು ತುದಿಯ ಬಚ್ಚಲಿನಲ್ಲಿ ಕೆಲಸ ಹೂಡಿದೆ.

ಮೊದಲ ಪ್ರಯತ್ನಕ್ಕೆ ಮುಖ್ಯವಾದ ಚಿತ್ರಗಳಿರುವ ರೀಲನ್ನು ಇಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಪರೀಕ್ಷೆಗಾಗಿಯೇ ಒಂದು ಕೊಡಾಕ್ ಗೋಲ್ಡ್ 200 ಹಾಕಿಕೊಂಡು ಬೆಳಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಬಿಳಿ ಗೂಡು, ಹಳದಿ ಗೂಡು ಎರಡೂ ರಾಶಿ ರಾಶಿಯಾಗಿ ಒಂದೇ ಸೂರಿನ ಕೆಳಗೆ ಸಿಗುವುದರಿಂದ, ಬಣ್ಣ ಎಲ್ಲಿ ಎಷ್ಟು ತಪ್ಪಿದೆ ಎಂದು ಹೇಳಲು ನನಗೆ ಅದಕ್ಕಿಂತ ನಂಬಿಕೆಯ ಅಳತೆಗೋಲು ಬೇರೆ ಇರಲಿಲ್ಲ. ಬೈವೋಲ್ಟೈನ್ ಎಂಬ ತಳಿಯ ಹುಳುವಿನ ಗೂಡಿನ ಬಿಳಿ ಹೇಗಿರುತ್ತದೆಂದು ಈ ಊರಿನಲ್ಲಿ ಹುಟ್ಟಿದವರ ಕಣ್ಣಿಗೆ ಹೇಳಿಕೊಡಬೇಕಾಗಿಲ್ಲ.

ಬೆಳಕು ನುಸುಳದ ಪುಟ್ಟ ಟ್ಯಾಂಕಿನೊಳಗೆ ಇಡಲು ಫಿಲ್ಮನ್ನು ಸುರುಳಿಗೆ ಏರಿಸುವ ಕೆಲಸ ಪೂರ್ತಿ ಕತ್ತಲೆಯಲ್ಲಿ ಆಗಬೇಕು, ಬಣ್ಣದ ಫಿಲ್ಮಿಗೆ ಕೆಂಪು ದೀಪವೂ ಆಗದು. ಅಭ್ಯಾಸವಿದ್ದ ಕೆಲಸವೇ ಆದರೂ ಮೇ ತಿಂಗಳ ಮಧ್ಯಾಹ್ನ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ ಕುಳಿತಾಗ ಬೆವರಿನ ತೇವಕ್ಕೆ ಫಿಲ್ಮ್ ಅರ್ಧದಲ್ಲೇ ಅಂಟಿಕೊಂಡು ನಿಂತಿತು. ಬಲವಂತ ಮಾಡಿದರೆ ಫಿಲ್ಮ್ ಮಡಚಿಕೊಂಡು ಅರ್ಧಚಂದ್ರದಂಥ ಕಲೆ ಬೀಳುತ್ತದೆ, ನನ್ನದರಲ್ಲಿ ಅಂಥವು ಎರಡು ಬಿದ್ದವು. ಅಂದಿನಿಂದ ಈ ಭಾಗವನ್ನು ರಾತ್ರಿ ಊಟವಾದ ಮೇಲೆ, ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ದೀಪ ಆರಿಸಿ ಮುಗಿಸಿಟ್ಟುಕೊಳ್ಳುತ್ತೇನೆ. ಮುಚ್ಚಳ ಬಿಗಿದ ಮೇಲೆ ಟ್ಯಾಂಕ್ ಬೆಳಗಿನವರೆಗೂ ಹಾಗೆಯೇ ಇರಬಹುದು.

ಶಾಖ ಕಾಯುವುದಕ್ಕೆ ನಾನು ಯಂತ್ರವೇನನ್ನೂ ಕೊಳ್ಳಲಿಲ್ಲ. ಬಚ್ಚಲಿನ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ 39 ಡಿಗ್ರಿಗೆ ತಂದು, ಔಷಧದ ಬಾಟಲಿಗಳನ್ನೂ ಟ್ಯಾಂಕನ್ನೂ ಕುತ್ತಿಗೆಯವರೆಗೆ ಅದರಲ್ಲಿ ನಿಲ್ಲಿಸಿದೆ. ನೀರು ಹೆಚ್ಚಿದ್ದಷ್ಟೂ ತಣ್ಣಗಾಗುವುದು ನಿಧಾನ, ಹೊರಗಿನ ಸೆಕೆಯೂ ಸಹಾಯಕ್ಕೆ ಬರುತ್ತದೆ. ಥರ್ಮಾಮೀಟರ್ 38 ತೋರಿಸಿದಾಗ ಡೆವಲಪರ್ ಸುರಿದೆ, ಮೂರೂಕಾಲು ನಿಮಿಷಕ್ಕೆ ಹೊರಗೆ ಸುರಿದೆ, ಬ್ಲಿಕ್ಸ್ ಹಾಕಿದೆ, ತೊಳೆದೆ. ಟ್ಯಾಂಕ್ ತೆರೆದಾಗ ಚಿತ್ರಗಳಿದ್ದವು. ಆ ಕ್ಷಣದ ಸಂತೋಷ ದೊಡ್ಡದು.

ಆದರೆ ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿದರೆ ಚಿತ್ರಗಳು ತೆಳ್ಳಗಿದ್ದವು, ತುಂಬ ನೆನೆದ ಬಟ್ಟೆಯ ಬಣ್ಣದಂತೆ ಸಪ್ಪೆ. ಬಿಳಿ ಬೆಳಕಿನ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಬಣ್ಣಗಳನ್ನು ಮಗುಚಿ ನಿಜದ ಚಿತ್ರವಾಗಿಸಿದಾಗ ದೋಷ ಇನ್ನೂ ಸ್ಪಷ್ಟವಾಯಿತು. ರಾಶಿಯ ಮೇಲೆ ಬೆಳಕು ಬಿದ್ದ ಬಿಳಿ ಗೂಡುಗಳು ನಸುಗೆಂಪಾಗಿದ್ದವು, ಅದೇ ರಾಶಿಯ ಬುಡದಲ್ಲಿ ನೆರಳಿನಲ್ಲಿದ್ದ ಬಿಳಿ ಗೂಡುಗಳು ಹಸಿರು ಛಾಯೆಗೆ ತಿರುಗಿದ್ದವು. ಕೆಂಪನ್ನು ಇಳಿಸಿದರೆ ನೆರಳು ಮತ್ತಷ್ಟು ಹಸಿರಾಗುತ್ತಿತ್ತು, ಹಸಿರನ್ನು ಇಳಿಸಿದರೆ ಮೇಲಿನ ಗೂಡುಗಳು ಮತ್ತಷ್ಟು ಕೆಂಪಾಗುತ್ತಿದ್ದವು. ಇಡೀ ಚಿತ್ರಕ್ಕೆ ಒಂದೇ ಛಾಯೆ ಹತ್ತಿದ್ದರೆ ತಿದ್ದಬಹುದು, ಬೆಳಕಿಗೊಂದು ನೆರಳಿಗೊಂದು ಛಾಯೆ ಬಂದರೆ ಪದರಗಳ ಸಮತೋಲವೇ ತಪ್ಪಿದೆ ಎಂದರ್ಥ. ಓದಿದ್ದ ಮಾತು ಗೂಡಿನ ರಾಶಿಯ ಮೇಲೆ ಕಣ್ಣಿಗೆ ಕಾಣುವಂತೆ ನಿಂತಿತ್ತು.

ಕಾಲ ಸರಿಯಾಗಿತ್ತು, ಔಷಧ ಹೊಸದು, ಉಳಿದಿದ್ದು ಶಾಖ. ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇತ್ತು. ಮನುಷ್ಯನ ಮೈಬಿಸಿಯ ಆಸುಪಾಸಿನಲ್ಲಿ ಹತ್ತನೇ ಒಂದು ಡಿಗ್ರಿಯನ್ನೂ ಹೇಳಬೇಕಾದ ಉಪಕರಣ ಅದು, ನಮಗೆ ಬೇಕಾದ 100 ಡಿಗ್ರಿ ಸರಿಯಾಗಿ ಅದರ ವ್ಯಾಪ್ತಿಯ ನಡುವಿಗೆ ಬರುತ್ತದೆ. ಒಂದು ಚೊಂಬು ಬೆಚ್ಚನೆಯ ನೀರಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿದೆ. ನಾನು ಕೊಂಡಿದ್ದ ಮುಳ್ಳಿನ ಥರ್ಮಾಮೀಟರ್ 38 ಎನ್ನುತ್ತಿದ್ದಾಗ ಜ್ವರದ್ದು 96.8 ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ತೋರಿಸುತ್ತಿತ್ತು. ಎರಡು ಡಿಗ್ರಿ ಕಡಿಮೆ ಶಾಖದಲ್ಲಿ ಫಿಲ್ಮ್ ತೊಳೆದಿದ್ದೆ. ಮುಳ್ಳಿನ ಥರ್ಮಾಮೀಟರನ್ನು ಎಸೆಯಲಿಲ್ಲ, ನಿಜದ 38ಕ್ಕೆ ಮುಳ್ಳು ನಿಲ್ಲುವ 40ರ ಹತ್ತಿರ ಗಾಜಿನ ಮೇಲೆ ಶಾಯಿಯಿಂದ ಗುರುತು ಮಾಡಿ, ಪ್ರತಿ ಸಲವೂ ಮೊದಲು ಚೊಂಬಿನಲ್ಲಿ ಜೋಡಿಯಾಗಿ ಪರೀಕ್ಷಿಸಿಯೇ ಬಳಸುತ್ತೇನೆ. ಹುಳುಮನೆಯ ಗೋಡೆಗೆ ಶಾಖವನ್ನೂ ಗಾಳಿಯ ತೇವವನ್ನೂ ಅಳೆಯುವ ಒಣ ಬುರುಡೆ, ಒದ್ದೆ ಬುರುಡೆಯ ಥರ್ಮಾಮೀಟರ್ ತೂಗುಹಾಕಿ ಬೆಳಗ್ಗೆ ಸಂಜೆ ನೋಡುವ ಮನೆಯಲ್ಲಿ ಬೆಳೆದೂ ಈ ಎಚ್ಚರ ಮೊದಲೇ ಬಾರದ್ದಕ್ಕೆ ನನಗೆ ಬಹಳ ಬೇಸರವಾಯಿತು.

ಎರಡನೆಯ ರೀಲನ್ನು ತೊಳೆದ ಬೆಳಗನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂದಿಗೂ ಅದೇ ನನ್ನ ಕ್ರಮ. ಮೊದಲು 38 ಡಿಗ್ರಿಯ ಬರಿಯ ನೀರನ್ನು ಟ್ಯಾಂಕಿಗೆ ತುಂಬಿ ಒಂದು ನಿಮಿಷ ಬಿಟ್ಟೆ. ತಣ್ಣಗಿದ್ದ ಟ್ಯಾಂಕ್ ಮತ್ತು ಸುರುಳಿ ಡೆವಲಪರಿನ ಶಾಖವನ್ನು ಕದಿಯದಿರಲೆಂದು ಇದು, ಸುರಿದಾಗ ನೀರು ಬಣ್ಣಗೂಡಿ ಬಂದರೆ ಗಾಬರಿಯಾಗಬೇಕಾಗಿಲ್ಲ. ಡೆವಲಪರನ್ನು ಒಂದೇ ಧಾರೆಯಲ್ಲಿ, ತಡವಿಲ್ಲದೆ ಸುರಿದು, ಗುಳ್ಳೆಗಳು ಬಿಡಲೆಂದು ಟ್ಯಾಂಕಿನ ಬುಡವನ್ನು ನೆಲಕ್ಕೆ ಎರಡು ಬಾರಿ ತಟ್ಟಿದೆ. ಮೊದಲ ಹತ್ತು ಸೆಕೆಂಡ್ ಬಿಡದೆ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೆ ನಾಲ್ಕು ಸಲ, ಟ್ಯಾಂಕನ್ನು ತಲೆಕೆಳಗು ಮಾಡಿ ನೇರ ಮಾಡಿದೆ, ನಡುವಿನ ಬಿಡುವಿನಲ್ಲಿ ಟಬ್ಬಿನ ನೀರಿಗೇ ಹಿಂತಿರುಗಿಸಿದೆ. ಮೂರೂಕಾಲು ನಿಮಿಷವೆಂದರೆ ಅನ್ನಕ್ಕೆ ಎಸರು ಕಾಯುವಷ್ಟೂ ಅಲ್ಲ, ಆದರೂ ಆ ಹೊತ್ತಿನಲ್ಲಿ ಬಾಗಿಲು ಬಡಿದರೆ ತೆರೆಯುವುದಿಲ್ಲ, ಫೋನು ಕೂಗಿದರೆ ಎತ್ತುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿರುತ್ತೇನೆ. 3 ನಿಮಿಷ 5 ಸೆಕೆಂಡ್ ಆದ ಕೂಡಲೇ ಹೊರಸುರಿಯಲು ತೊಡಗಿದರೆ ಕಾಲ ಸರಿಹೋಗುತ್ತದೆ.

ಅಲ್ಲಿಂದ ಮುಂದಿನದೆಲ್ಲ ಕ್ಷಮಿಸುವ ಸ್ವಭಾವದ್ದು. ಬ್ಲಿಕ್ಸ್ 35ರಿಂದ 40 ಡಿಗ್ರಿಯ ನಡುವೆ ಎಲ್ಲಿದ್ದರೂ ನಡೆಯುತ್ತದೆ, ಆರೂವರೆ ನಿಮಿಷದ ಬದಲು ಎಂಟಾದರೆ ಕೆಡುವುದೇನೂ ಇಲ್ಲ, ಕಡಿಮೆಯಾದರೆ ಮಾತ್ರ ಬೆಳ್ಳಿ ಉಳಿದು ಚಿತ್ರ ಮಂಕಾಗುತ್ತದೆ. ಇದರಲ್ಲಿ ಎರಡು ಎಚ್ಚರಗಳಿವೆ. ಒಂದು, ಟ್ಯಾಂಕಿನೊಳಗೆ ಅನಿಲ ತುಂಬಿ ಮುಚ್ಚಳ ಉಬ್ಬುತ್ತದೆ, ಮೊದಲ ಸಲ ತಲೆಕೆಳಗು ಮಾಡಿದ ಕೂಡಲೇ ಅಂಚನ್ನು ಎತ್ತಿ ಉಸಿರು ಬಿಡಿಸಬೇಕು. ನಾನು ಅದನ್ನು ಮರೆತ ದಿನ ಅಂಚಿನಿಂದ ಚಿಮ್ಮಿದ ಬ್ಲಿಕ್ಸ್ ಬಿಳಿ ಪಂಚೆಯ ಮೇಲೆ ಮಾಡಿದ ಕಂದು ಕಲೆ ಇಂದಿಗೂ ಹೋಗಿಲ್ಲ. ಇನ್ನೊಂದು ಅದಕ್ಕಿಂತ ಮುಖ್ಯ: ಬ್ಲಿಕ್ಸಿನ ಕೆಲವು ಹನಿ ಡೆವಲಪರ್ ಬಾಟಲಿಗೆ ಬಿದ್ದರೂ ಆ ಡೆವಲಪರ್ ಕೆಟ್ಟಂತೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಲಾಳಿಕೆ, ಬೇರೆ ಬೇರೆ ಬಣ್ಣದ ಮುಚ್ಚಳ ಇಟ್ಟಿದ್ದೇನೆ.

ಆಮೇಲೆ ಬೆಚ್ಚನೆಯ ನೀರಿನಲ್ಲಿ ಮೂರ್ನಾಲ್ಕು ನಿಮಿಷ ತೊಳೆಯುವುದು. ಇಲ್ಲಿ ನಾನು ಬೋರ್‌ವೆಲ್ ನೀರನ್ನೇ ಬಳಸಿದ್ದರಿಂದ ಮೊದಲ ರೀಲಿನ ಮೇಲೆ ಹನಿ ಒಣಗಿದಲ್ಲೆಲ್ಲ ಸುಣ್ಣದ ಉಂಗುರಗಳು ಉಳಿದಿದ್ದವು. ಈಗ ಕೊನೆಯ ತೊಳೆತವೂ ಸ್ಟೆಬಿಲೈಸರೂ ಕ್ಯಾನಿನ ನೀರಿನದೇ. ಸ್ಟೆಬಿಲೈಸರಿಗೆ ಒಂದು ನಿಮಿಷ ಸಾಕು, ಅದಾದ ಮೇಲೆ ನೀರು ತಾಕಿಸಬಾರದು. ಹಳೆಯ ಕಾಲದ ಸ್ಟೆಬಿಲೈಸರಿನಲ್ಲಿ ಫಾರ್ಮಲಿನ್ ಇರುತ್ತಿತ್ತು, ಫಿಲ್ಮಿನಲ್ಲಿ ಉಳಿದ ರಾಸಾಯನಿಕದಿಂದ ಮೆಜೆಂಟಾ ಬಣ್ಣ ಮಾಸದಂತೆ ಅದು ಕಾಯುತ್ತಿತ್ತು. ಬೆಳೆಗೆ ಮುಂಚೆ ಹುಳುಮನೆಗೆ ಸಿಂಪಡಿಸಿ ಬಾಗಿಲು ಕಿಟಕಿ ಮುಚ್ಚಿಡುತ್ತಿದ್ದ ಫಾರ್ಮಲಿನ್ ಅದೇ, ಕಣ್ಣುರಿಸುವ ಅದರ ವಾಸನೆ ರೇಷ್ಮೆ ಬೆಳೆಯುವ ಮನೆಗಳ ಎಲ್ಲ ಮಕ್ಕಳಿಗೂ ಗೊತ್ತು. ಈಗಿನ ಫಿಲ್ಮುಗಳಿಗೆ ಅದರ ಅಗತ್ಯವಿಲ್ಲ.

ಸುರುಳಿಯಿಂದ ಬಿಡಿಸಿದ ಒದ್ದೆ ಫಿಲ್ಮ್ ಹಾಲು ಬೆರೆತ ಹಾಗೆ ಮಬ್ಬಾಗಿರುತ್ತದೆ. ಮೊದಲ ದಿನ ಅದನ್ನು ಕಂಡು ಎಲ್ಲ ಕೆಟ್ಟಿತೆಂದು ನೆಲಕ್ಕೆ ಕುಸಿದು ಕುಳಿತಿದ್ದೆ. ಬಿಸಿನೀರು ಸುರಿದು ಧೂಳು ಅಡಗಿಸಿದ ಬಚ್ಚಲಿನಲ್ಲಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಕೆಳತುದಿಗೆ ಇನ್ನೆರಡು ಕ್ಲಿಪ್ಪುಗಳ ಭಾರ ಕೊಟ್ಟು ನೇತುಹಾಕಿದರೆ, ಒಣಗುತ್ತ ಒಣಗುತ್ತ ಮಬ್ಬು ಮೇಲಿನಿಂದ ಕೆಳಕ್ಕೆ ಕಳೆದು ಫಿಲ್ಮ್ ತಿಳಿಯಾಗುತ್ತ ಬರುತ್ತದೆ. ಹಣ್ಣಾಗುವ ಹುಳುವಿನ ಮೈ ಹೀಗೆಯೇ ತಿಳಿಯಾಗುತ್ತದೆ. ಅಮ್ಮ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಒಳಗು ಕಾಣುವಂತಾದುದನ್ನು ಮಾತ್ರ ಗೂಡು ಕಟ್ಟಿಸುವ ಬಿದಿರಿನ ತಟ್ಟೆಯಾದ ಚಂದ್ರಂಕಿಗೆ ಬಿಡುತ್ತಾರೆ.

ಆ ಎರಡನೆಯ ರೀಲಿನಲ್ಲಿ ಬಿಳಿ ಗೂಡು ಬೆಳಕಿನಲ್ಲೂ ನೆರಳಿನಲ್ಲೂ ಬಿಳಿಯಾಗಿಯೇ ಬಂತು. ಆ ಮೇಲೆಯೇ ನಾನು ಮುಂದಿನ ಬೆಳೆಯ ರೀಲನ್ನು ಔಷಧಕ್ಕೆ ಇಳಿಸಿದ್ದು. ಒಂದು ಲೀಟರಿನಲ್ಲಿ ಎಂಟು ರೀಲು ತೊಳೆದೆ, ಪ್ರತಿ ರೀಲಿಗೂ ಕಿಟ್‌ನಲ್ಲಿ ಹೇಳಿದಂತೆ ಡೆವಲಪರ್ ಕಾಲವನ್ನು ಕೆಲವೇ ಸೆಕೆಂಡ್ ಹೆಚ್ಚಿಸುತ್ತ ಹೋದೆ. ಬಾಟಲಿಯನ್ನು ಹಿಂಡಿ ಗಾಳಿ ತೆಗೆದು ಮುಚ್ಚಿಟ್ಟಿದ್ದರೂ ಐದನೇ ವಾರಕ್ಕೆ ಅದರ ಬಣ್ಣ ಕಾಫಿ ಡಿಕಾಕ್ಷನ್ನಿಗೆ ತಿರುಗಿತ್ತು. ಬ್ಲಿಕ್ಸಿನಲ್ಲಿ ಫಿಲ್ಮುಗಳ ಬೆಳ್ಳಿಯೆಲ್ಲ ಕರಗಿರುವುದರಿಂದ ಅದನ್ನು ಮೋರಿಗೂ ತೋಟಕ್ಕೂ ಚೆಲ್ಲದೆ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು ಎತ್ತಿಟ್ಟಿದ್ದೇನೆ. ಸಿನಿಮಾಕ್ಕೆಂದು ತಯಾರಾದ, ಬೆನ್ನಿಗೆ ಕಪ್ಪು ಲೇಪವಿರುವ ಫಿಲ್ಮನ್ನು ಕಡಿಮೆ ಬೆಲೆಗೆ ಸಿಗುತ್ತದೆಂದು ಇದರಲ್ಲಿ ಇಳಿಸಬೇಡಿ, ಆ ಲೇಪ ಬಿಟ್ಟು ಔಷಧವನ್ನೂ ಜೊತೆಯ ಫಿಲ್ಮನ್ನೂ ಕೆಡಿಸುತ್ತದೆ.

ಬೆಳೆಯ ರೀಲು ಒಣಗಿದ ಮಧ್ಯಾಹ್ನ ಅಮ್ಮನನ್ನು ಕರೆದು ಕಿಟಕಿಯ ಬೆಳಕಿಗೆ ಪಟ್ಟಿಯನ್ನು ಹಿಡಿದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಅವರ ಹಳದಿ ಗೂಡುಗಳು ಕಿತ್ತಳೆಯ ನಡುವೆ ನೀಲಿಯಾಗಿ, ಚಂದ್ರಂಕಿಯ ಸುತ್ತುಗಳ ತುಂಬ ಸಾಲಾಗಿ ನಿಂತಿದ್ದವು.

“ಇದೇನಪ್ಪ, ನೀಲಿ ಗೂಡು ಕಟ್ಟವೆ” ಎಂದರು. ಆಮೇಲೆ ಅದೇ ಚೌಕದಲ್ಲಿ ಬೆರಳಿಟ್ಟು, “ಈ ಮೂಲೇಲಿ ನೋಡು, ಎರಡು ಹುಳ ಸೇರ್ಕೊಂಡು ಒಂದೇ ಗೂಡು ಕಟ್ಟವೆ. ಅವತ್ತು ನಾನು ನೋಡೇ ಇಲ್ಲ” ಎಂದರು.